ನೂರ ನಲವತ್ತೆರಡು ಕಿಲೊ

ಚಪ್ಪಲಿ ಬಿಟ್ಟೆ. ಬೆಲ್ಟು ಬಿಚ್ಚಿ ಕಟ್ಟೆಯ ಮೇಲಿಟ್ಟೆ. ಜೇಬಿನಲ್ಲಿದ್ದ ಬೀಗದ ಕೈ, ಕರ್ಚೀಫು, ಅರ್ಧ ತಿಂದು ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದ ಸೌತೆಕಾಯಿ ಎಲ್ಲವನ್ನೂ ತೆಗೆದು ಪಕ್ಕಕ್ಕೆ ಜೋಡಿಸಿದೆ. ತಕ್ಕಡಿಯ ಮುಳ್ಳು ಒಂದಿಷ್ಟು ನಡುಗಿ ಮತ್ತೆ ಇದ್ದಲ್ಲಿಗೇ ಬಂದು ನಿಂತಿತು.

"ಶರ್ಟೂ ತೆಗೀಲಾ?" ಎಂದೆ.

"ಚರ್ಮ ಬಿಚ್ಚಿಟ್ರೂ ಅಷ್ಟೇ ಕಣಯ್ಯ," ಎಂದ ಪುಟ್ಟರಂಗಣ್ಣ, ಕನ್ನಡಕದ ಮೇಲಿಂದ ಮುಳ್ಳನ್ನು ನೋಡುತ್ತ. "ಅರವತ್ತೇಳು. ಹೋದ ಅಮಾವಾಸ್ಯೆಗೆ ಅರವತ್ತಾರೂವರೆ ಇದ್ದೆ. ಅದರ ಹಿಂದಿನದಕ್ಕೆ ಅರವತ್ತಾರು. ಏನು ತಿಂತಿದೀಯ ನೀನು?"

"ಏನೂ ತಿಂತಿಲ್ಲ ಪುಟ್ಟರಂಗಣ್ಣ. ಬೆಳಿಗ್ಗೆ ಎರಡು ಇಡ್ಲಿ, ಚಟ್ನಿ ಇಲ್ಲ. ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು. ರಾತ್ರಿ ಇದೇ ಸೌತೆಕಾಯಿ. ದಿನಾ ಕೋಟೆ ಸುತ್ತ ಮೂರು ಸುತ್ತು ಓಡ್ತೀನಿ. ಬೇಕಾದ್ರೆ ವತ್ಸಲನ್ನ ಕೇಳು, ಒಂದೊಂದು ತುತ್ತಿಗೂ ಎಷ್ಟು ಕ್ಯಾಲೊರಿ ಅಂತ ಪುಸ್ತಕದಲ್ಲಿ ಬರೆದಿಟ್ಟಿದಾಳೆ."

"ತೊಟ್ಟಿಲು ಪುಸ್ತಕ ಓದುತ್ತಾ?" ಎಂದ ಅವನು.

ನಮ್ಮೂರಿನ ಪೂರ್ವಕ್ಕೆ ನೆಲವೇ ಮುಗಿದುಹೋಗುತ್ತದೆ. ಕೆಳಗೆ ಕಮರಿ. ಅದರ ತಳದಿಂದ ಹೊಳೆಯ ಸದ್ದು ಬರುತ್ತದೆ, ನೀರು ಕಂಡವರಿಲ್ಲ. ಆಚೆ ದಡದಲ್ಲಿ ಇನ್ನೊಂದು ಊರು. ನಡುವೆ ಎರಡು ಹಗ್ಗ, ಹಗ್ಗಕ್ಕೆ ತೂಗುಬಿಟ್ಟ ಬೆತ್ತದ ತೊಟ್ಟಿಲು. ಅದರಲ್ಲಿ ನಾನೊಬ್ಬ, ದಾಟುವವರು ಒಬ್ಬರು, ಟಪಾಲು ಚೀಲ ಒಂದು. ಬಳಸಿಕೊಂಡು ಹೋಗುವ ದಾರಿಯೂ ಇದೆಯಂತೆ. ಆ ದಾರಿ ಹಿಡಿದವರು ಯಾರೂ ವಾಪಸು ಬಂದು ಎಷ್ಟು ದಿನದ ಹಾದಿ ಎಂದು ಹೇಳಿದ್ದಿಲ್ಲ. ಅರವತ್ತೈದು ಕಿಲೊ ಮೀರಿದವರು ತೊಟ್ಟಿಲು ಹತ್ತುವಂತಿಲ್ಲ. ದಾಟುವವರಿಗೂ ಅದೇ ಕಟ್ಟಳೆ, ದಾಟಿಸುವವನಿಗೂ ಅದೇ. ಇಪ್ಪತ್ತೊಂದು ವರ್ಷ ಆ ತೊಟ್ಟಿಲ ಬಾಗಿಲಲ್ಲಿ ನಿಂತು ಗಂಟೆ ಬಾರಿಸಿದ್ದೇನೆ. ಬೇರೆ ಕೆಲಸ ನನಗೆ ಗೊತ್ತಿಲ್ಲ.

"ಎರಡು ತಿಂಗಳು ಕಣ್ಣು ಮುಚ್ಕೊಂಡೆ. ಇನ್ನು ಆಗಲ್ಲ ಜಯಂತ," ಎಂದ ಪುಟ್ಟರಂಗಣ್ಣ. "ದೀಪಾವಳಿ ಅಮಾವಾಸ್ಯೆವರೆಗೂ ನೋಡ್ತೀನಿ. ಅಷ್ಟರಲ್ಲಿ ಅರವತ್ತೈದಕ್ಕೆ ಬಂದ್ರೆ ಸರಿ. ಇಲ್ದಿದ್ರೆ ಗಂಟೆ ತಂದು ನನ್ನ ಕೈಗೆ ಕೊಡು." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅನಸೂಯಮ್ಮನ್ನ ಇತ್ತೀಚೆಗೆ ನೋಡಿದ್ಯಾ? ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಇರ್ತಾರೆ."

ನನ್ನ ಕಿವಿ ಬಿಸಿಯಾಯಿತು. ಒಬ್ಬರ ಎದುರಿಗೆ ಅವರ ಜೋಡಿಯ ಹೆಸರೆತ್ತುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಏಳನೇ ವರ್ಷಕ್ಕೆ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ ಒಂದೇ ತಟ್ಟೆಗೆ ಸಿಹಿ ಹುಗ್ಗಿ ಬಡಿಸುತ್ತಾರೆ. ಉಂಡು ಎದ್ದರೆ ಅವರು ಜೋಡಿ. ಆ ದಿನ ನಾನು ತಡವಾಗಿ ಹೋಗಿದ್ದೆ, ಅನಸೂಯ ಬೇಗ ಬಂದು ಬಾವಿಕಟ್ಟೆಯ ಮೇಲೆ ನಿದ್ದೆಹೋಗಿದ್ದಳು, ಉಳಿದವರು ನಾವಿಬ್ಬರೇ. ವಯಸ್ಸು ಇಪ್ಪತ್ತು ದಾಟಿದ ಮೇಲೆ ಜೋಡಿಯ ಒಟ್ಟು ತೂಕ ಅಲ್ಲಾಡುವುದಿಲ್ಲ. ನಮ್ಮದು ನೂರ ನಲವತ್ತೆರಡು. ಒಬ್ಬರು ಇಳಿಸಿದಷ್ಟನ್ನೂ ಇನ್ನೊಬ್ಬರು ಹೊರುತ್ತಾರೆ. ಇದರೊಂದಿಗೆ ಬದುಕುವುದನ್ನು ಊರು ಕಲಿತುಕೊಂಡಿದೆ. ಒಬ್ಬರು ಏಕಾದಶಿ ಮಾಡಿದರೆ ಮತ್ತೊಂದು ಬೀದಿಯಲ್ಲಿ ಇನ್ನೊಬ್ಬರು ಸೀರೆಯ ಗಂಟು ಸಡಿಲಿಸಿಕೊಳ್ಳುತ್ತಾರೆ. ಉಳ್ಳವರು ತಮ್ಮ ಮಗಳ ಎದುರಿಗೆ ಮೈಗಳ್ಳ ಹುಡುಗನನ್ನೇ ಕೂರಿಸಿ ಎಂದು ಮೇಷ್ಟರ ಕಿವಿಯಲ್ಲಿ ಹೇಳುತ್ತಾರೆ. ನನ್ನ ಹೆಂಡತಿ ವತ್ಸಲಳ ಜೋಡಿ ಒಬ್ಬ ಪೈಲ್ವಾನ. ಅವನು ತಾಲೀಮಿಗೆ ಇಳಿದ ತಿಂಗಳು ಇವಳ ಬಳೆ ಬಿಗಿಯಾಗುತ್ತದೆ, ಕುಸ್ತಿ ಮುಗಿದು ಅವನು ಉಣ್ಣತೊಡಗಿದರೆ ಜಾರಿ ಬೀಳುತ್ತದೆ. ಜೋಡಿ ಸತ್ತವರು ತಿಂದಿದ್ದನ್ನೆಲ್ಲ ತಾವೇ ಅನುಭವಿಸಬೇಕು. ಅಂಥವರನ್ನು ಕಂಡರೆ ನಾವು ಊಟದ ಮಾತೇ ಆಡುವುದಿಲ್ಲ.

ನಾನು ಓಟಗಾರ. ಪ್ರತಿ ವರ್ಷ ನಡೆಯುವ ಕೋಟೆ ಸುತ್ತಿನ ಪಂದ್ಯದಲ್ಲಿ ಒಂಬತ್ತು ಸಲ ಮೊದಲು ಬಂದವನು. ಒಂಬತ್ತು ಹಿತ್ತಾಳೆ ಲೋಟಗಳು ನಮ್ಮ ಮನೆಯ ಗೂಡಿನಲ್ಲಿವೆ. ಆಗ ನಾನು ಐವತ್ತಾರು ಕಿಲೊ ಇದ್ದೆ. ಉಳಿದ ಎಂಬತ್ತಾರು ಎಲ್ಲಿತ್ತು ಎಂದು ನಾನು ಕೇಳಿಕೊಂಡಿದ್ದಿಲ್ಲ. ಕೇಳಿಕೊಳ್ಳುವ ಅಗತ್ಯವೂ ಇರಲಿಲ್ಲ. ಅನಸೂಯ ದಪ್ಪ, ಬೇವಿನ ಮರ ಹಸಿರು ಅನ್ನುವ ಹಾಗೆ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವಳು ಪೇಟೆ ಬೀದಿಯ ಕೊನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಮದುವೆಯಾಗಲಿಲ್ಲ.

ಮೂರು ವರ್ಷದಿಂದ ನನ್ನ ತೂಕ ಏರತೊಡಗಿದಾಗ ನಾನು ಮಾಡಿದ ತಪ್ಪು ಇದೇ. ವಯಸ್ಸು ಎಂದುಕೊಂಡೆ. ಎಣ್ಣೆ ಎಂದುಕೊಂಡೆ. ಓಟ ಒಂದು ಸುತ್ತು ಹೆಚ್ಚಿಸಿದೆ, ಅನ್ನ ಬಿಟ್ಟೆ, ಕಡಲೆಬೀಜವನ್ನು ಎಣಿಸಿ ತಿಂದೆ. ವತ್ಸಲ ಕದ್ದು ಸಾರಿಗೆ ತುಪ್ಪದ ಒಗ್ಗರಣೆ ಹಾಕುತ್ತಾಳೆ ಎಂದು ಜಗಳವಾಡಿ ನಾಲ್ಕು ದಿನ ಮಾತು ಬಿಟ್ಟೆ. ಅನಸೂಯ ಇಳಿಯುತ್ತಿರಬಹುದು ಅನ್ನುವುದು ಮಾತ್ರ ಒಂದು ದಿನವೂ ತಲೆಗೆ ಬರಲಿಲ್ಲ. ಬೇವಿನ ಮರ ಎಲ್ಲಿಗೆ ಹೋಗುತ್ತದೆ?

ಮರುದಿನ ಬೆಳಿಗ್ಗೆ ಕೋಟೆಯ ಕಡೆ ಹೋಗುವ ಬದಲು ಕೆರೆ ಏರಿಗೆ ಹೋದೆ. ಪುಟ್ಟರಂಗಣ್ಣ ಹೇಳಿದಂತೆಯೇ ಅವಳು ಅಲ್ಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ ಹಾಕಿಕೊಂಡು, ಗಾಳಿಯನ್ನು ಕೈಯಲ್ಲಿ ಪಕ್ಕಕ್ಕೆ ತಳ್ಳುವವಳಂತೆ ನಡೆಯುತ್ತಿದ್ದಳು. ನನಗೆ ಮೊದಲು ಗುರುತೇ ಸಿಗಲಿಲ್ಲ. ಬೆನ್ನು ಕಿರಿದಾಗಿತ್ತು, ಕತ್ತು ಉದ್ದವಾಗಿತ್ತು. ಹಿಡಿಯಲೆಂದು ಓಡಿದೆ.

"ಓಡಬೇಡ," ಎಂದಳು, ತಿರುಗಿ ನೋಡದೆಯೇ. "ನೀನು ಓಡಿದ್ದೆಲ್ಲ ನನ್ನ ಮೇಲೇ ಬೀಳೋದು."

ನಿಂತೆ. ಆಮೇಲೆ ನಡೆದೇ ಹೋಗಿ ಅವಳ ಪಕ್ಕಕ್ಕೆ ಸೇರಿಕೊಂಡೆ. ಅವಳ ಎಡಗೈ ಮುಷ್ಟಿಯಲ್ಲಿ ರವಿಕೆಯ ಗುಂಡಿಗಳಿದ್ದವು. ಒಂದು ಸುತ್ತು ಮುಗಿದರೆ ಒಂದು ಗುಂಡಿ ಬಲಗೈಗೆ.

"ಎಷ್ಟು ದಿನದಿಂದ ನಡೀತಿದೀಯ ಅನಸೂಯ?"

"ಮೂರು ವರ್ಷ. ಯಾಕೆ, ನಿನ್ನ ಅಪ್ಪಣೆ ಕೇಳ್ಬೇಕಿತ್ತಾ?"

"ಅಯ್ಯೋ, ಹಂಗಲ್ಲ."

"ಮತ್ತೆ ಹೆಂಗೆ? ಎಪ್ಪತ್ತೈದಕ್ಕೆ ಬಂದಿದೀನಿ. ಬೆಳಿಗ್ಗೆ ರಾಗಿ ಅಂಬಲಿ, ನೂರಾ ಇಪ್ಪತ್ತು ಕ್ಯಾಲೊರಿ. ಮಧ್ಯಾಹ್ನ ಒಂದೂವರೆ ಚಪಾತಿ. ಸಂಜೆ ಏನೂ ಇಲ್ಲ. ಆರು ಸುತ್ತು ನಡಿಗೆ. ಆದ್ರೂ ತಿಂಗಳಿಗೆ ಅರ್ಧ ಕಿಲೊ ಇಳಿದ್ರೆ ಹೆಚ್ಚು. ಡಾಕ್ಟರು ನಗ್ತಾರೆ. ಏನಮ್ಮಾ, ನಿಮ್ಮ ಜೋಡಿ ಭಾರೀ ಹಟಮಾರಿ ಅಂತಾರೆ." ಅವಳು ಗುಂಡಿ ಬದಲಿಸಿದಳು. "ನೀನು ಮೂರು ಸುತ್ತು ಓಡ್ತೀಯಂತಲ್ಲ?"

"ಹೂಂ."

"ಅನ್ಕೊಂಡೆ."

ಒಂದೇ ಹಗ್ಗದ ಎರಡು ತುದಿ ಹಿಡಿದು ಮೂರು ವರ್ಷ ಜಗ್ಗಿದ್ದೇವೆ. ಎಳೆಯುತ್ತಿರುವುದು ಯಾರನ್ನು ಎಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನಾನು ಬಂದ ಕೆಲಸ ಹೇಳಿದೆ. ತೊಟ್ಟಿಲು, ಪುಟ್ಟರಂಗಣ್ಣ, ದೀಪಾವಳಿ ಅಮಾವಾಸ್ಯೆ. ಎರಡೇ ತಿಂಗಳು ಅವಳು ನಡಿಗೆ ನಿಲ್ಲಿಸಿದರೆ ಸಾಕು, ನಾನು ಅರವತ್ತೈದಕ್ಕೆ ಬರುತ್ತೇನೆ, ಆಮೇಲೆ ಅವಳಿಷ್ಟ. ಹೇಳುತ್ತ ಹೋದ ಹಾಗೆ ನನ್ನ ದನಿ ನನಗೇ ಕಿರಿಕಿರಿಯಾಗತೊಡಗಿತು, ಆದರೂ ಪೂರ್ತಿ ಹೇಳಿದೆ.

ಅವಳು ನಡೆಯುತ್ತಲೇ ಇದ್ದಳು. ತೂಬಿನ ಹತ್ತಿರ ಬಂದಾಗ ಹೇಳಿದಳು. "ಇದೇ ಮಾತನ್ನ ನಾನೂ ನಿನಗೆ ಬರೆದು ಕಳಿಸಿದ್ದೆ. ಅಕ್ಕ ಆಚೆ ಊರಲ್ಲಿ ಮಲಗಿದ್ದಾಗ."

ಅವಳ ಅಕ್ಕ ಮಂದಾಕಿನಿಯನ್ನು ಆಚೆ ಊರಿಗೆ ಕೊಟ್ಟಿದ್ದರು. ಹನ್ನೊಂದು ವರ್ಷದ ಹಿಂದೆ ಕಾಯಿಲೆ ಬಿದ್ದು ಹೆಚ್ಚು ಕಡಿಮೆ ಒಂದು ವರ್ಷ ಹಾಸಿಗೆಯಲ್ಲಿದ್ದಳು.

"ಸ್ವಲ್ಪ ದಿನ ಓಟ ನಿಲ್ಲಿಸ್ತೀಯಾ, ಅಕ್ಕನ್ನ ನೋಡ್ಬೇಕು ಅಂತ ಬರೆದಿದ್ದೆ. ಎರಡೇ ಸಾಲು. ನಾಚಿಕೆ ಬಿಟ್ಟು ಬರೆದಿದ್ದೆ ಜಯಂತ."

ಆ ಚೀಟಿ ನನಗೆ ನೆನಪಿತ್ತು. ಬಂದಿದ್ದು ನೆನಪಿತ್ತು, ಓದಿ ನಾನು ಮುಖ ಸಿಂಡರಿಸಿದ್ದೂ ನೆನಪಿತ್ತು. ತೂಕದ ಮಾತನ್ನು ಹೀಗೆ ನೇರವಾಗಿ ಎತ್ತುತ್ತಾರೆಯೇ, ಎಂಥ ನಡತೆ, ಅನ್ನಿಸಿತ್ತು. ಉತ್ತರ ಕೊಡದೆ ಇರುವುದೇ ಸಭ್ಯತೆ ಎಂದು ತಿಳಿದಿದ್ದೆ. ಆ ವರ್ಷದ್ದು ನನ್ನ ಆರನೇ ಲೋಟ.

"ಈಗ ಯಾಕೆ ಇಳಿಸ್ತಿದೀಯ?" ಎಂದೆ.

"ಅಕ್ಕನ ಮಗಳನ್ನ ಒಂದ್ಸಲ ನೋಡ್ಬೇಕು ಅಂತ ಶುರು ಮಾಡಿದ್ದೆ. ಈಗ ಮಾಘದಲ್ಲಿ ಅವಳಿಗೆ ಮದುವೆ. ತಾಯಿ ಇಲ್ಲದ ಹುಡುಗಿ. ಚಿಕ್ಕಮ್ಮ ನೀನು ಬಂದೇ ಬರ್ಬೇಕು ಅಂತ ಬರೆದಿದಾಳೆ. ಆ ಕಾಗದನ್ನ ಚೀಲದಲ್ಲಿ ಈಚೆಗೆ ದಾಟಿಸಿದ್ದೂ ನೀನೇ." ಅವಳು ಕೊನೆಯ ಗುಂಡಿಯನ್ನು ಬಲಗೈಗೆ ಹಾಕಿ ಮುಷ್ಟಿ ಮುಚ್ಚಿದಳು. "ಇನ್ನು ಹತ್ತು ಕಿಲೊ. ಐದು ತಿಂಗಳು. ಆಗುತ್ತೋ ಇಲ್ವೋ ಗೊತ್ತಿಲ್ಲ. ನಿಲ್ಲಿಸೋದು ಮಾತ್ರ ಇಲ್ಲ."

ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ಅವಳು ಅರವತ್ತೈದಾದರೆ ನಾನು ಎಪ್ಪತ್ತೇಳು. ನಾನು ಅರವತ್ತೈದಾದರೆ ಅವಳು ಎಪ್ಪತ್ತೇಳು. ಹೇಗೆ ಮಡಚಿದರೂ ನಾವಿಬ್ಬರೂ ಆ ತೊಟ್ಟಿಲು ಹತ್ತುವ ದಿನ ಬರುವುದಿಲ್ಲ. ಈ ಲೆಕ್ಕಕ್ಕೆ ಬೆರಳೂ ಬೇಕಾಗಿರಲಿಲ್ಲ, ಆದರೂ ಇಪ್ಪತ್ತೊಂದು ವರ್ಷ ನಾನದನ್ನು ಹಾಕಿರಲಿಲ್ಲ.

ಗಿರಣಿಯ ತಿರುವಿನಲ್ಲಿ ಇನ್ನೊಂದು ನೆನಪಾಯಿತು. ಅದು ನೆನಪಾಗದಿದ್ದರೆ ನಾನು ಬಹುಶಃ ಏನಾದರೂ ಸಮಾಧಾನ ಹೇಳಿಕೊಂಡು ಮಾರನೆಯ ದಿನ ಓಡಲು ಹೋಗಿಬಿಡುತ್ತಿದ್ದೆ. ಅಕ್ಕನಿಗೆ ತೀರ ಜೋರಾಗಿದೆ ಎಂದು ಸುದ್ದಿ ಬಂದ ದಿನ ಅನಸೂಯ ತಕ್ಕಡಿಯ ಹತ್ತಿರ ಬಂದಿದ್ದಳು. ಆಗುವುದಿಲ್ಲವೆಂದು ಗೊತ್ತಿದ್ದೂ ಬಂದಿದ್ದಳು. ಕೈಯಲ್ಲಿ ಒಂದು ಫ್ಲಾಸ್ಕು, ಬಟ್ಟೆಯ ಗಂಟು. ತಕ್ಕಡಿ ಹತ್ತಿದಳು. ಮುಳ್ಳು ಎಂಬತ್ತಾರಕ್ಕೆ ಹೋಗಿ ನಿಂತಿತು. ಸಾಲಿನಲ್ಲಿ ಆರೇಳು ಜನ ಇದ್ದರು. ನಾನು ತೊಟ್ಟಿಲ ಬಾಗಿಲಲ್ಲಿ ಗಂಟೆ ಹಿಡಿದು ನಿಂತವನು, "ಏನ್ಮಾಡೋದಮ್ಮ, ನಿನ್ನನ್ನ ಎರಡು ಸಲಕ್ಕೆ ದಾಟಿಸ್ಬೇಕಾಗುತ್ತೆ, ಅರ್ಧರ್ಧ" ಎಂದಿದ್ದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು ಫ್ಲಾಸ್ಕನ್ನೂ ಗಂಟನ್ನೂ ನನ್ನ ಕೈಗೆ ಕೊಟ್ಟು, ಫ್ಲಾಸ್ಕಿನಲ್ಲಿ ಗಂಜಿ ಇದೆ, ಗಂಟಿನಲ್ಲಿ ಅಕ್ಕನ ಎಂಟು ವರ್ಷದ ಮಗಳಿಗೆ ಒಂದು ಫ್ರಾಕು ಇದೆ ಎಂದಳು. ಅವಳಲ್ಲಿ ಹೆಚ್ಚಾಗಿದ್ದ ಇಪ್ಪತ್ತೊಂದು ಕಿಲೊ ಯಾರದು ಎಂದು ಆ ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯ ದಿನ ಅಕ್ಕ ಹೋದ ಸುದ್ದಿಯನ್ನು ತಂದವನೂ ನಾನೇ.

ಆಮೇಲೆ ಪ್ರತಿ ವರ್ಷ ಒಂದು ಫ್ರಾಕು ನನ್ನ ಚೀಲದಲ್ಲಿ ಆಚೆಗೆ ಹೋಯಿತು. ಮೊದಲು ಗಂಟು ಚಿಕ್ಕದಾಗಿರುತ್ತಿತ್ತು, ಬರಬರುತ್ತ ದೊಡ್ಡದಾಯಿತು, ಆಮೇಲೆ ಲಂಗವಾಯಿತು, ರವಿಕೆಯಾಯಿತು. ಒಮ್ಮೆಯೂ ನೋಡದ ಹುಡುಗಿಗೆ ಅವಳು ಅಳತೆ ಊಹಿಸಿ ಹೊಲಿಯುತ್ತಿದ್ದಳು. ನಾನು ಆ ಗಂಟುಗಳನ್ನು ಟಪಾಲಿನ ತೂಕವಾಗಿ ಮಾತ್ರ ಬಲ್ಲೆ. ಇನ್ನೂರು ಗ್ರಾಂ, ಇನ್ನೂರೈವತ್ತು.

ವತ್ಸಲ ಪಡಸಾಲೆಯಲ್ಲಿ ಪುಸ್ತಕ ತೆರೆದು ಕೂತಿದ್ದಳು. ಎಲ್ಲ ಹೇಳಿದೆ. ಕೇಳಿಸಿಕೊಂಡು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡಳು.

"ಅಂದ್ರೆ ಮೂರು ವರ್ಷದಿಂದ ನಾನು ಅಳೆದಿದ್ದು ಸರಿಯಾಗೇ ಇತ್ತು ಅನ್ನಿ."

"ಇತ್ತು."

"ಸಾರಿಗೆ ತುಪ್ಪ ಹಾಕಿರಲಿಲ್ಲ."

"ಹಾಕಿರಲಿಲ್ಲ."

"ಮೊದಲು ತಪ್ಪಾಯ್ತು ಅಂತ ಒಂದ್ಸಲ ಬಾಯಿ ಬಿಟ್ಟು ಹೇಳಿ. ಆಮೇಲೆ ಆ ಹೆಂಗಸಿನ ಹತ್ರ ಹೋಗೋರಂತೆ."

ಹೇಳಿದೆ. ಅವಳು ಒಳಗೆ ಹೋಗಿ ತುಪ್ಪದ ಗಿಂಡಿ ತಂದು ಮುಂದಿಟ್ಟಳು. ಆ ಹೊತ್ತಿನಿಂದ ಓಟ ಬಿಟ್ಟೆ. ಇಡ್ಲಿಗೆ ಚಟ್ನಿ ಬಂತು, ಮುದ್ದೆ ಎರಡಾಯಿತು, ರಾತ್ರಿ ಅನ್ನ ಬಂತು. ವತ್ಸಲ ಪುಸ್ತಕ ಮುಚ್ಚಲಿಲ್ಲ, ಅದೇ ಸಾಲುಗಳಲ್ಲಿ ಈಗ ಕಡಿಮೆಯಾಗಿದ್ದರೆ ಬೈಯುತ್ತಿದ್ದಳು. "ಸಾವಿರದ ಎಂಟುನೂರೇ ಆಗಿರೋದು. ಇನ್ನೆರಡು ಒಬ್ಬಟ್ಟು ತಗೊಳ್ಳಿ." ತಿಂದೆ. ಸೊಗಸಾಗಿದ್ದವು. ಪಶ್ಚಾತ್ತಾಪಕ್ಕೆ ಇಷ್ಟು ರುಚಿ ಇರಬಾರದು ಅನ್ನಿಸುತ್ತಿತ್ತು. ಬೆಳಿಗ್ಗೆ ಕಾಲುಗಳು ತಾವಾಗಿ ಎದ್ದು ಕೋಟೆಯ ಕಡೆ ಎಳೆಯುತ್ತಿದ್ದವು. ಹಾಸಿಗೆಯಲ್ಲೇ ಅವನ್ನು ಒಂದರ ಮೇಲೊಂದು ಹಾಕಿ ಹಿಡಿದುಕೊಳ್ಳುತ್ತಿದ್ದೆ.

ದೀಪಾವಳಿ ಅಮಾವಾಸ್ಯೆಯ ದಿನ ಚಪ್ಪಲಿ ಬಿಡದೆ, ಬೆಲ್ಟು ಬಿಚ್ಚದೆ ತಕ್ಕಡಿ ಹತ್ತಿದೆ. ಪುಟ್ಟರಂಗಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಚಪ್ಪಲಿ ಗಿಪ್ಪಲಿ ಕಳೆದ್ರೆ ಎಪ್ಪತ್ತೊಂದು. ಏನಯ್ಯ ಇದು, ನಾನು ಹೇಳಿದ್ದೇನು, ನೀನು ಮಾಡಿದ್ದೇನು?"

ಗಂಟೆಯನ್ನು ಅವನ ಕೈಗೆ ಕೊಟ್ಟೆ. ಅದರ ಹಿಡಿಯಲ್ಲಿ ನನ್ನ ಹೆಬ್ಬೆರಳಿನ ಜಾಗ ಸವೆದು ಗುಳಿಯಾಗಿತ್ತು. ಅವನು ತನ್ನ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿದ, ಹೊಂದಲಿಲ್ಲ. ಗಂಟೆಯನ್ನು ಮೇಜಿನ ಮೇಲಿಟ್ಟ.

ಎಪ್ಪತ್ತೊಂದು ಎಂದರೆ ಸರಿ ಅರ್ಧ. ಏಳನೇ ವರ್ಷದ ಮೇಲೆ ಮೊದಲ ಸಲ ನಾವಿಬ್ಬರೂ ಸಮಸಮ ಇದ್ದೆವು. ಇದು ನನಗೆ ಯಾವುದೋ ಶುಭ ಗಳಿಗೆಯಂತೆ ಕಂಡಿತು. ಈಗ ಆ ಸಡಗರ ನೆನೆದರೆ ನಾಚಿಕೆಯಾಗುತ್ತದೆ. ವತ್ಸಲಳಿಂದ ಸಿಹಿ ಹುಗ್ಗಿ ಮಾಡಿಸಿ, ಡಬ್ಬಿಗೆ ತುಂಬಿ, ಒಂದು ಸ್ಟೀಲ್ ತಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನ ಪೇಟೆ ಬೀದಿಗೆ ಹೋದೆ.

ಹಬ್ಬದ ರವಿಕೆಗಳು ಆಗಲೇ ಹೋಗಿಯಾಗಿದ್ದವು. ಅಂಗಡಿಯಲ್ಲಿ ಅವಳೊಬ್ಬಳೇ ಮೆಷಿನ್ನಿನ ಮುಂದೆ ಕೂತು ತನ್ನ ರವಿಕೆಯೊಂದರ ಪಕ್ಕದ ಹೊಲಿಗೆಯನ್ನು ಒಳಗೆ ತೆಗೆದುಕೊಳ್ಳುತ್ತಿದ್ದಳು. ಬಟ್ಟೆಯ ಮೇಲೆ ಹಳೆಯ ಹೊಲಿಗೆಗಳ ತೂತುಗಳು ಸಾಲುಸಾಲಾಗಿ ಕಾಣುತ್ತಿದ್ದವು. ಆಚೆ ಬಿಟ್ಟದ್ದು, ಇನ್ನೂ ಆಚೆ ಬಿಟ್ಟದ್ದು, ಈಗ ಈಚೆ ಬರುತ್ತಿರುವುದು.

"ಕೆಲಸ ಬಿಟ್ಟೆ," ಎಂದೆ. "ಓಟಾನೂ ಬಿಟ್ಟೆ. ಇವತ್ತು ಎಪ್ಪತ್ತೊಂದಿದೀನಿ. ಅಂದ್ರೆ ನೀನೂ ಎಪ್ಪತ್ತೊಂದು. ಹೀಗೇ ಇದ್ರೆ ಮಾಘಕ್ಕೆ ಮುಂಚೆ ನೀನು ಅರವತ್ತೈದಕ್ಕೆ ಬರ್ತೀಯ."

ಅವಳು ಮೆಷಿನ್ನು ನಿಲ್ಲಿಸಿದಳು. "ಅದಕ್ಕೇನಾ. ಎರಡು ತಿಂಗಳಲ್ಲಿ ನಾಲ್ಕು ಕಿಲೊ ಇಳಿದಾಗಲೇ ಅನ್ಕೊಂಡೆ, ಇದು ನನ್ನ ನಡಿಗೆ ಅಲ್ಲ ಅಂತ. ಕೈಲಿ ಗುಂಡಿ ಹಿಡ್ಕೊಂಡು ಏರಿ ಮೇಲೆ ಹೋಗೋಕೇ ಬೇಜಾರಾಗಿತ್ತು." ಸೂಜಿಯ ಕೆಳಗಿನಿಂದ ರವಿಕೆಯನ್ನು ಹೊರಗೆಳೆದು ಕೇಳಿದಳು. "ಮನೇಲಿ ಏನಂದ್ರು?"

"ಒಬ್ಬಟ್ಟು ಮಾಡಿಕೊಟ್ಟಳು."

ಅವಳ ತುಟಿ ಒಂದಿಷ್ಟು ಸಡಿಲವಾಯಿತು. ಅದೇ ಧೈರ್ಯದಲ್ಲಿ ಹೇಳಿಬಿಟ್ಟೆ. "ಅವತ್ತು ತಕ್ಕಡಿ ಹತ್ರ ನಾನು ಹೇಳಿದ ಮಾತು. ಅರ್ಧರ್ಧ ಅಂದಿದ್ದು."

"ನೆನಪಿದೆಯಾ?"

"ಮರೆತಿದ್ದೆ. ಈಗ ನೆನಪಾಯ್ತು."

"ನಾಲ್ಕು ದಿನದಲ್ಲಿ ಇಪ್ಪತ್ತೊಂದು ಕಿಲೊ ಯಾರಿಗೂ ಇಳಿಯಲ್ಲ," ಎಂದಳು ಅನಸೂಯ. "ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಚೀಟಿಗೆ ಉತ್ತರ ಬರೀಲಿಲ್ಲ ಅನ್ನೋದಕ್ಕೂ ಈಗ ಸಿಟ್ಟಿಲ್ಲ. ಆದ್ರೆ ಅವತ್ತು ನಾನೂ ನಕ್ಕೆ ನೋಡು. ಅಕ್ಕ ಅಲ್ಲಿ ಹಂಗೆ ಮಲಗಿರುವಾಗ ನಿನ್ನ ಮಾತಿಗೆ ಹಲ್ಲು ಕಿರಿದೆ. ಹನ್ನೊಂದು ವರ್ಷ ಆಯ್ತು, ಅದೊಂದು ಹೋಗ್ತಾ ಇಲ್ಲ."

ಬೀದಿಯಲ್ಲಿ ಯಾರೋ ಪಟಾಕಿ ಸರ ಹಚ್ಚಿದರು. ನಾನು ಮೇಜಿನ ಮೇಲಿನ ಬಟ್ಟೆಯ ತುಂಡುಗಳನ್ನು ಸರಿಸಿ ತಟ್ಟೆ ಇಟ್ಟೆ. ಡಬ್ಬಿ ತೆರೆದು ಹುಗ್ಗಿಯನ್ನು ಬಡಿಸಿದೆ. ಬೆಲ್ಲ, ಏಲಕ್ಕಿ, ತುಪ್ಪದ ವಾಸನೆ ಅಂಗಡಿಯ ತುಂಬ ಹಬ್ಬಿತು. ಹುರಿದ ಗೋಡಂಬಿಯೊಂದು ಜಾರಿ ಅವಳ ಕಡೆಗೆ ಉರುಳಿತು. ನಾನು ನನ್ನ ಕಡೆಯಿಂದ ಒಂದು ತುತ್ತು ತೆಗೆದುಕೊಂಡು, ತಟ್ಟೆಯನ್ನು ಅವಳ ಕೈಗೆಟುಕುವ ಹಾಗೆ ತಳ್ಳಿದೆ.

"ಒಂದೇ ತುತ್ತು ಅನಸೂಯ. ಅವತ್ತಿನ ಹಾಗೆ."

ಅವಳು ತಟ್ಟೆಯನ್ನೇ ನೋಡುತ್ತಿದ್ದಳು. ಬೆಳಗಿನಿಂದ ಏನೂ ತಿಂದಿಲ್ಲವೆಂದು ಮುಖದಲ್ಲೇ ತಿಳಿಯುತ್ತಿತ್ತು.

"ಎಷ್ಟು ಕ್ಯಾಲೊರಿ?" ಎಂದಳು.

"ತುತ್ತಿಗೆ ತೊಂಬತ್ತು."

ಅವಳು ತಲೆ ಆಡಿಸಿದಳು, ಲೆಕ್ಕ ಸರಿಯಿದೆ ಅನ್ನುವಂತೆ. ಆಮೇಲೆ ತಟ್ಟೆಯನ್ನು ಒಂದು ಬೆರಳಿನಿಂದ ನನ್ನ ಕಡೆಗೆ ವಾಪಸು ತಳ್ಳಿ ರವಿಕೆಯನ್ನು ಸೂಜಿಯ ಕೆಳಗೆ ಹೊಂದಿಸಿಕೊಂಡಳು.

"ಹಸಿವಾಗಿದೆ," ಎಂದಳು. "ಆದ್ರೂ ಬೇಡ."